ನೆರಳಿಗೆ ಕೈಬರಹ ಇರುವುದಿಲ್ಲ

ಅಕ್ಟೋಬರ್ 2ರ ಸಭೆಗಳಲ್ಲಿ ಕೆಲವು ಮಾತುಗಳು ಹಾರ ತುರಾಯಿಯಷ್ಟೇ ಖಾಯಂ. ನಮ್ಮ ತಾಲ್ಲೂಕಿನ ಸಮಾರಂಭವೊಂದರಲ್ಲಿ ಮುಖ್ಯ ಅತಿಥಿಗಳು ಜೇಬಿನಿಂದ ಚೀಟಿ ತೆಗೆದು ಅಂಥದೇ ಒಂದನ್ನು ಓದಿದರು: "ಮಹಾದೇವ ದೇಸಾಯಿಯವರು ಇಪ್ಪತ್ತೈದು ವರ್ಷ ಬಾಪೂಜಿಯ ನೆರಳಾಗಿ ಬದುಕಿದರು. ಇಂದಿನ ಯುವಕರಲ್ಲಿ ಅಂಥ ನಿಷ್ಠೆ ಎಲ್ಲಿದೆ?" ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಅಭ್ಯಾಸಬಲ. ಮನೆಗೆ ಬಂದ ಮೇಲೆ ಕೈ ಉರಿಯತೊಡಗಿತು.

ನೆರಳು ಅಂದರೇನು? ಒಡೆಯ ಎಡಕ್ಕೆ ತಿರುಗಿದರೆ ಎಡಕ್ಕೆ ತಿರುಗುವುದು, ಅವನು ಕೂತರೆ ಕೂರುವುದು, ಸೂರ್ಯ ನೆತ್ತಿಗೆ ಬಂದಾಗ ಅವನ ಕಾಲಡಿಗೆ ಸರಿಯುವುದು. ಅದಕ್ಕೆ ಸಂದೇಹ ಬರುವುದಿಲ್ಲ, ರಕ್ತದೊತ್ತಡ ಏರುವುದಿಲ್ಲ, ಅದು ರಾಜೀನಾಮೆ ಕೊಡುವುದಿಲ್ಲ. ಗಾಂಧಿಯ ಕಾರ್ಯದರ್ಶಿಯಾಗಿದ್ದ ಮಹಾದೇವ ದೇಸಾಯಿಗೆ ಈ ಮೂರೂ ಆಗಿದ್ದವು. ಆದರೂ ಪಠ್ಯಪುಸ್ತಕದಿಂದ ಹಿಡಿದು ಶ್ರದ್ಧಾಂಜಲಿ ಲೇಖನದವರೆಗೆ ಅವರನ್ನು ನೆರಳು, ಹನುಮಂತ, ಗಾಂಧಿಯ ಮಾತನ್ನೆಲ್ಲ ಬರೆದಿಟ್ಟ ಬಾಸ್ವೆಲ್ ಎಂದೆಲ್ಲ ಕರೆದು ಕೈತೊಳೆದುಕೊಳ್ಳುತ್ತೇವೆ. ಇದು ಹೊಗಳಿಕೆಯ ವೇಷದಲ್ಲಿರುವ ಅವಮಾನ. ನಾಯಕರ ಕೋಣೆಯ ಹೊರಗಿನ ಮೇಜಿನಲ್ಲಿ ಇವತ್ತು ಕೂತಿರುವವರ ಬೆನ್ನು ಮುರಿಯುತ್ತಿರುವುದೂ ಇದೇ ಹೊಗಳಿಕೆ.

ಮೊದಲ ಭೇಟಿಯ ಕಥೆಯನ್ನೇ ನೋಡಿ. 1915ರ ಮೇ ತಿಂಗಳಲ್ಲಿ ಗಾಂಧಿ ಅಹಮದಾಬಾದಿನ ಕೋಚರಬ್‌ನಲ್ಲಿ ಆಶ್ರಮ ತೆರೆದು, ಅದರ ನಿಯಮಗಳ ಕರಡನ್ನು ಹಂಚಿ, ಓದಿದವರು ಅಭಿಪ್ರಾಯ ತಿಳಿಸಿ ಎಂದು ಕೇಳಿದ್ದರು. ಊರಿನ ಇಬ್ಬರು ಎಳೆಯ ವಕೀಲರು, ಮಹಾದೇವ ದೇಸಾಯಿ ಮತ್ತು ನರಹರಿ ಪರೀಖ್, ಕೂತು ಒಂದು ಜಂಟಿ ಪತ್ರ ಬರೆದರು. ಅದು ಅಭಿನಂದನೆಯ ಪತ್ರವಲ್ಲ. ಬ್ರಹ್ಮಚರ್ಯವನ್ನು ಎಲ್ಲರ ಮೇಲೆ ಹೇರಿದರೆ ಕೆಡುಕೇ ಹೆಚ್ಚು, ಕೈಕಸುಬಿಗೆ ಇಷ್ಟು ಒತ್ತು ಕೊಟ್ಟರೆ ದೇಶದ ಮುನ್ನಡೆಗೆ ಅಡ್ಡಿ ಎಂದು ಆಕ್ಷೇಪ ಎತ್ತಿದ್ದರು. ಗಾಂಧಿ ಅವರನ್ನು ಕರೆಸಿಕೊಂಡು ಬಹಳ ಹೊತ್ತು ವಾದಿಸಿದರು. ಹಿಂತಿರುಗುವಾಗ ಸಾಬರಮತಿಯ ಎಲ್ಲಿಸ್ ಸೇತುವೆಯ ಮೇಲೆ ಮಹಾದೇವ ಗೆಳೆಯನಿಗೆ, ಈ ಮನುಷ್ಯನ ಕಾಲಬಳಿ ಕೂರಬೇಕು ಅನಿಸುತ್ತಿದೆ ಎಂದರಂತೆ. ನಮ್ಮ ಭಾಷಣಕಾರರು ಸೇತುವೆಯ ಮೇಲಿನ ಆ ಮಾತನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಪತ್ರ ಬಿಟ್ಟುಹೋಗುತ್ತದೆ. ಪತ್ರವೇ ಇಲ್ಲದಿದ್ದರೆ ಸೇತುವೆ ದಾಟುವ ಪ್ರಸಂಗವೇ ಬರುತ್ತಿರಲಿಲ್ಲ. ಕಾಲಿಗೆ ಬೀಳಲು ಬಂದವರಿಗೆ ಗಾಂಧಿಯ ಸುತ್ತ ಆಗಲೇ ಬರವಿರಲಿಲ್ಲ; ತಪ್ಪು ತೋರಿಸಿ ಪತ್ರ ಬರೆದವರಲ್ಲಿ ಒಬ್ಬನನ್ನು ಅವರು ಎರಡು ವರ್ಷದ ನಂತರ, 1917ರಲ್ಲಿ, ಪಕ್ಕದಲ್ಲಿ ಕೂರಿಸಿಕೊಂಡರು. ಮಹಾದೇವರಿಗೆ ಆಗ ಇಪ್ಪತ್ತೈದು. ಕಾನೂನು ಪದವಿ ಕೈಯಲ್ಲಿತ್ತು. ಜಾನ್ ಮಾರ್ಲಿಯ ಪುಸ್ತಕವೊಂದನ್ನು ಗುಜರಾತಿಗೆ ತಂದಾಗಿತ್ತು. ಆ ಪುಸ್ತಕದ ವಿಷಯ, ರಾಜಿ ಎಲ್ಲಿಯವರೆಗೆ ಮಾಡಿಕೊಳ್ಳಬಹುದು ಎಂಬುದು. ನಾಯಕನೊಬ್ಬನ ಕಾರ್ಯದರ್ಶಿಯಾಗಲು ಹೊರಟವನಿಗೆ ಇದಕ್ಕಿಂತ ಒಳ್ಳೆಯ ಪೂರ್ವತಯಾರಿ ನನಗೆ ತೋಚದು.

"ಆದರೆ ಸ್ವಾಮಿ, ಅವರೇ ತಮ್ಮನ್ನು ಹಿಂದೆ ಸರಿಸಿಕೊಂಡು ಬದುಕಿದರಲ್ಲ?" ಎಂದು ಕೇಳುವವರಿದ್ದಾರೆ. ಕನ್ನಡಿಗರು ಈ ಪ್ರಶ್ನೆ ಕೇಳಬಾರದು. ಗದುಗಿನ ಕುಮಾರವ್ಯಾಸ ತನ್ನ ಭಾರತದ ಮೊದಲಲ್ಲೇ, ಕಾವ್ಯ ಕಟ್ಟಿದವನು ವೀರನಾರಾಯಣ, ತಾನು ಬರೆದುಕೊಂಡವನಷ್ಟೇ ಎಂದು ಹೇಳಿಕೊಂಡ. ಐದಾರು ಶತಮಾನ ಕಳೆದವು, ಒಬ್ಬನೇ ಒಬ್ಬ ಕನ್ನಡಿಗ ಅದನ್ನು ಅಕ್ಷರಶಃ ನಂಬಿದ್ದಾನೆಯೇ? ಗಮಕಿಗಳು ಹಾಡುವಾಗ ತಲೆದೂಗುವುದು ಕುಮಾರವ್ಯಾಸನಿಗೆ. ಲಿಪಿಕಾರನ ವಿನಯ ಅವನದು. ಆ ವಿನಯದ ಹಿಂದಿರುವ ಕವಿಯನ್ನು ಗುರುತಿಸುವುದು ನಮ್ಮ ಹೊಣೆ ಎಂಬ ತಿಳಿವಳಿಕೆ ನಮ್ಮ ಹಳ್ಳಿಯ ಅಜ್ಜಂದಿರಿಗೂ ಇತ್ತು. ಮಹಾದೇವರ ವಿಷಯಕ್ಕೆ ಬಂದಾಗ ಮಾತ್ರ ನಾವು ಆ ವಿನಯವನ್ನು ಪ್ರಮಾಣಪತ್ರದಂತೆ ಹಿಡಿದು, ಅವರ ಸಹಿಯೇ ಇದೆ ನೋಡಿ ಎಂದು ತೋರಿಸುತ್ತೇವೆ.

ಅವರ ಬರವಣಿಗೆ ಎಷ್ಟಿತ್ತು ಎಂಬುದನ್ನು ಒಮ್ಮೆ ಎಣಿಸಬೇಕು. 1917ರ ನವೆಂಬರ್ 13ರಂದು ಶುರುವಾದ ದಿನಚರಿ 1942ರ ಆಗಸ್ಟ್ 14ರವರೆಗೆ ನಡೆಯಿತು. ಗುಜರಾತಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂಪುಟಗಳು. ಬಾರ್ಡೋಲಿಯ ರೈತರ ಹೋರಾಟದ ಮೇಲೆ ಒಂದು ಪುಸ್ತಕ, ತಿರುವಾಂಕೂರಿನ ದೇವಾಲಯ ಪ್ರವೇಶದ ಮೇಲೆ ಇನ್ನೊಂದು, ಗಡಿನಾಡಿನ ಖಾನ್ ಸಹೋದರರ ಮೇಲೆ, ಮೌಲಾನಾ ಆಜಾದರ ಮೇಲೆ ಒಂದೊಂದು. ಟ್ಯಾಗೋರರನ್ನೂ ಶರತ್‌ಚಂದ್ರರನ್ನೂ ಬಂಗಾಳಿಯಿಂದ ಗುಜರಾತಿಗೆ ತಂದರು, ನೆಹರೂ ಆತ್ಮಕಥೆಯನ್ನು ಇಂಗ್ಲಿಷಿನಿಂದ ತಂದರು. ವಾರವಾರ 'ಯಂಗ್ ಇಂಡಿಯಾ'ಕ್ಕೆ, 'ನವಜೀವನ'ಕ್ಕೆ, ಆಮೇಲೆ 'ಹರಿಜನ'ಕ್ಕೆ ಬರೆದದ್ದು ಬೇರೆ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಮೊತ್ತಮೊದಲ ಬಾರಿಗೆ ಪ್ರಶಸ್ತಿ ಕೊಟ್ಟಾಗ ಗುಜರಾತಿಗೆ ಬಂದದ್ದು ಈ ದಿನಚರಿಯ ಮೂಲಕ, ಬರೆದವರು ತೀರಿಕೊಂಡು ಹದಿಮೂರು ವರ್ಷವಾದ ಮೇಲೆ. ಅದೇ ವರ್ಷ ಕನ್ನಡಕ್ಕೆ ಬಂದದ್ದು 'ಶ್ರೀ ರಾಮಾಯಣ ದರ್ಶನಂ' ಮೂಲಕ. ಕುವೆಂಪು ಅವರ ಪಕ್ಕದ ಸಾಲಿನಲ್ಲಿ ಹೆಸರು ಬರೆಸಿಕೊಂಡ ಲೇಖಕನನ್ನು ನೆರಳು ಎನ್ನುವುದಕ್ಕೆ ನಾಲಿಗೆ ಹೇಗೆ ಹೊರಳುತ್ತದೆ?

ಗಾಂಧಿಯ ಆತ್ಮಕಥೆಯದು ಇನ್ನೂ ಸೋಜಿಗ. ಅವರು ಬರೆದದ್ದು ಗುಜರಾತಿಯಲ್ಲಿ. ಜಗತ್ತು ಬಹುಮಟ್ಟಿಗೆ ಓದಿದ್ದು ಇಂಗ್ಲಿಷಿನಲ್ಲಿ, ಅಂದರೆ ಮಹಾದೇವರ ವಾಕ್ಯಗಳಲ್ಲಿ. ಕಂತುಗಳು 'ಯಂಗ್ ಇಂಡಿಯಾ'ದಲ್ಲಿ ಬರುತ್ತಿದ್ದ ಕಾಲದಲ್ಲೇ, 1927ರ ಬೇಸಿಗೆಯಲ್ಲಿ, ಗಾಂಧಿ ಕಾಯಿಲೆ ಬಿದ್ದು ನಮ್ಮ ನಂದಿಬೆಟ್ಟದ ಮೇಲೆ ಸುಧಾರಿಸಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ಮಹಾದೇವರೂ ಜೊತೆಗಿದ್ದರು. ಇವತ್ತಿಗೂ ಯಾರಾದರೂ ಆ ಪುಸ್ತಕದಿಂದ ಗಾಂಧಿ ಹೀಗೆ ಹೇಳಿದ್ದಾರೆ ಎಂದು ಇಂಗ್ಲಿಷಿನಲ್ಲಿ ಉದ್ಧರಿಸಿದರೆ, ಪದಗಳನ್ನು ಆಯ್ದು ಜೋಡಿಸಿದ ಕೈ ಮಹಾದೇವರದು. ಕನ್ನಡದಲ್ಲಿ ಅದೇ ಆತ್ಮಕಥೆಯನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರು ತಂದರು. ಗೊರೂರರನ್ನು ನಾವು ಹೇಮಾವತಿಯ ತೀರದ ಲೇಖಕರೆಂದು ನೆನೆಯುತ್ತೇವೆ, ಯಾರ ನೆರಳೆಂದೂ ಅಲ್ಲ. ಅನುವಾದಕ ಪಕ್ಕದ ಕೋಣೆಯಲ್ಲೇ ಇದ್ದ, ಸಂಬಳದ ಮಾತಿಲ್ಲದೆ ಇದ್ದ, ಪ್ರೀತಿಯಿಂದ ಇದ್ದ ಎಂಬ ಕಾರಣಕ್ಕೆ ಅವನ ಅಕ್ಷರಗಳು ಒಡೆಯನ ಖಾತೆಗೆ ಜಮೆಯಾಗಬೇಕೆ?

ಇಲ್ಲೊಂದು ಸಣ್ಣ ಸಂಗತಿ ಇದೆ, ನನಗೆ ತುಂಬ ಇಷ್ಟವಾದದ್ದು. ಆ ಇಂಗ್ಲಿಷ್ ಆತ್ಮಕಥೆಗೆ ಬರೆದ ಮುನ್ನುಡಿಯಲ್ಲಿ ಮಹಾದೇವ, ಐದನೆಯ ಭಾಗದ 29ರಿಂದ 43ರವರೆಗಿನ ಅಧ್ಯಾಯಗಳನ್ನು ಅನುವಾದಿಸಿದವರು ಸಹೋದ್ಯೋಗಿ ಪ್ಯಾರೇಲಾಲ್, ಆಗ ತಾನು ಬಾರ್ಡೋಲಿಯ ವಿಚಾರಣಾ ಸಮಿತಿಯ ಕೆಲಸದ ಮೇಲೆ ದೂರವಿದ್ದೆ ಎಂದು ಅಧ್ಯಾಯಗಳ ಸಂಖ್ಯೆ ಸಮೇತ ದಾಖಲಿಸುತ್ತಾರೆ. ಹದಿನೈದು ಅಧ್ಯಾಯ. ಇಡೀ ಪುಸ್ತಕದಲ್ಲಿ ಅದೆಷ್ಟು ಪಾಲು? ಆದರೂ ಮಾಡಿದವನ ಹೆಸರು ಬರಬೇಕು ಎಂಬ ಹಟ. ಕೆಲಸಕ್ಕೆ ಕರ್ತೃ ಇರುತ್ತಾನೆ, ಅವನ ಹೆಸರನ್ನು ನುಂಗಬಾರದು ಎಂದು ಇಷ್ಟು ಕಟ್ಟುನಿಟ್ಟಾಗಿ ನಂಬಿದ್ದ ಮನುಷ್ಯನನ್ನೇ ನಾವು ಹೆಸರಿಲ್ಲದಿರುವಿಕೆಯ ದೇವರನ್ನಾಗಿ ಕೂರಿಸಿದ್ದೇವೆ.

ನೆರಳಿನ ವಾದ ಬೀಳಲು ಜೈಲಿನ ವರ್ಷಗಳಷ್ಟೇ ಸಾಕು. ಮೈ ಇಲ್ಲದ ಕಡೆ ನೆರಳು ಬೀಳುವುದಿಲ್ಲವಲ್ಲ. 1921ರ ಕೊನೆಯಲ್ಲಿ ಮಹಾದೇವ ಗಾಂಧಿಯಿಂದ ದೂರ ಅಲಹಾಬಾದಿನಲ್ಲಿದ್ದರು, ಮೋತಿಲಾಲ್ ನೆಹರೂ ಅವರ 'ಇಂಡಿಪೆಂಡೆಂಟ್' ಪತ್ರಿಕೆ ನಡೆಸಲು. ಸರ್ಕಾರ ಠೇವಣಿ ಮುಟ್ಟುಗೋಲು ಹಾಕಿ ಮುದ್ರಣ ನಿಲ್ಲಿಸಿತು. ಇವರು ಕೈಯಲ್ಲೇ ಬರೆದು ಸೈಕ್ಲೋಸ್ಟೈಲ್ ಮಾಡಿ ಪತ್ರಿಕೆ ಹೊರಡಿಸಿದರು. ಒಂದು ವರ್ಷ ಕಠಿಣ ಶಿಕ್ಷೆಯಾಯಿತು. ಹೀಗೆ ಮಾಡು ಎಂದು ಕಿವಿಯಲ್ಲಿ ಹೇಳಲು ಅಲ್ಲಿ ಯಾವ ಬಾಪೂವೂ ಇರಲಿಲ್ಲ.

ಇನ್ನೊಂದು ಜೈಲು ನಮ್ಮ ಬೆಳಗಾವಿಯದು. ಬೆಳಗಾವಿ ಎಂದರೆ ನಮಗೆ 1924ರ ಕಾಂಗ್ರೆಸ್ ಅಧಿವೇಶನ, ಗಾಂಧಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ. ನೂರು ವರ್ಷವಾದಾಗ ದೀಪಾಲಂಕಾರವನ್ನೂ ಮಾಡಿದೆವು. ಅದೇ ಊರಿನ ಜೈಲಿನಲ್ಲಿ 1933-34ರಲ್ಲಿ ಮಹಾದೇವ ಒಂಟಿಯಾಗಿ ಕೂತು, ಗಾಂಧಿಯ ಗೀತಾ ವ್ಯಾಖ್ಯಾನ 'ಅನಾಸಕ್ತಿಯೋಗ'ವನ್ನು ಇಂಗ್ಲಿಷಿಗೆ ತಂದರು. ತಂದು ಸುಮ್ಮನಾಗಲಿಲ್ಲ. ಅದಕ್ಕೆ ನೂರಕ್ಕೂ ಹೆಚ್ಚು ಪುಟದ ಸ್ವಂತ ಪ್ರಬಂಧವೊಂದನ್ನು ಸೇರಿಸಿದರು. ಅದರ ತಲೆಬರಹವನ್ನು ಕನ್ನಡದಲ್ಲಿ ನನ್ನ ಅರಿಕೆ ಎನ್ನಬಹುದು. ಅರಿಕೆ ಎಂಬ ತಗ್ಗಿದ ದನಿಯ ಹೆಸರಿಟ್ಟು, ಒಳಗೆ ಉಪನಿಷತ್ತು, ಬೈಬಲ್, ಕುರಾನುಗಳ ನಡುವೆ ಓಡಾಡುತ್ತ, ಗಾಂಧಿ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದಕ್ಕೆ ಪಾಂಡಿತ್ಯದ ಬುನಾದಿ ಹಾಕಿದ್ದಾರೆ. ಗಾಂಧಿಗೆ ಆ ಬಗೆಯ ಪಾಂಡಿತ್ಯದ ಹವ್ಯಾಸ ಇರಲಿಲ್ಲ, ಇದೆ ಎಂದು ಅವರು ಹೇಳಿಕೊಂಡವರೂ ಅಲ್ಲ. ಪುಸ್ತಕ ಅಚ್ಚಾದದ್ದು 1946ರಲ್ಲಿ. ಬರೆದವರು ಹೋಗಿ ನಾಲ್ಕು ವರ್ಷವಾಗಿತ್ತು. ಅಧಿವೇಶನದ ಶತಮಾನೋತ್ಸವದಲ್ಲಿ ಈ ಹಸ್ತಪ್ರತಿಯ ಬಗ್ಗೆ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ನಾನು ಕಿವಿಗೊಟ್ಟದ್ದು ಕಡಿಮೆ ಇರಬಹುದು.

ಈಗ ಪುರಿಯ ಪ್ರಸಂಗಕ್ಕೆ ಬರುತ್ತೇನೆ. ನಿಷ್ಠೆ ಎಂದರೆ ತಲೆಯಾಡಿಸುವುದು ಎನ್ನುವವರು ಇದನ್ನು ನಿಧಾನವಾಗಿ ಓದಬೇಕು. 1938ರ ಮಾರ್ಚಿನಲ್ಲಿ ಒರಿಸ್ಸಾದ ಡೆಲಾಂಗ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ. ಅಲ್ಲಿಂದ ಪುರಿ ಹತ್ತಿರ. ಜಗನ್ನಾಥನ ಗುಡಿಯ ಬಾಗಿಲು ಆಗ ದಲಿತರಿಗೆ ಮುಚ್ಚಿತ್ತು. ಎಲ್ಲರಿಗೂ ತೆರೆಯದ ಗುಡಿಗೆ ತಾನು ಕಾಲಿಡುವುದಿಲ್ಲ ಎಂಬ ಗಾಂಧಿಯ ನಿಲುವು ಊರಿಗೆಲ್ಲ ಗೊತ್ತು. ಕಸ್ತೂರಬಾ ಮತ್ತು ಮಹಾದೇವರ ಹೆಂಡತಿ ದುರ್ಗಾಬೆನ್ ಪುರಿಗೆ ಹೋದರು, ಗುಡಿಯ ಒಳಗೂ ಹೋದರು. ಮಗ ನಾರಾಯಣ, ಹದಿಮೂರರ ಹುಡುಗ, ಒಳಗೆ ಬರುವುದಿಲ್ಲ ಎಂದು ಹೊರಗೇ ನಿಂತ. ಸುದ್ದಿ ತಿಳಿದ ಗಾಂಧಿ ಕನಲಿಹೋದರು. ಅವರ ರಕ್ತದೊತ್ತಡ ಏರಿತು. ಕೋಪ ಹೆಂಗಸರ ಮೇಲಿಗಿಂತ ಹೆಚ್ಚಾಗಿ ಮಹಾದೇವರ ಮೇಲೆ ಹರಿಯಿತು. ನೀನು ಅವರಿಗೆ ಮೊದಲೇ ತಿಳಿಹೇಳಬೇಕಿತ್ತು, ಹೇಳಲಿಲ್ಲ ಎಂಬುದು ಆರೋಪ.

ನೆರಳಾಗಿದ್ದರೆ ತಲೆ ತಗ್ಗಿಸಿ, ತಪ್ಪಾಯಿತು ಬಾಪೂ ಎಂದು ಮುಗಿಸಬಹುದಿತ್ತು. ಮಹಾದೇವರಿಗೆ ಗಾಂಧಿಯ ಸಿಟ್ಟು ಅಳತೆ ಮೀರಿದ್ದು ಅನಿಸಿತು. ಅವರು ಬಿಟ್ಟು ಹೋಗುತ್ತೇನೆ ಎಂದರು, ಇಪ್ಪತ್ತೊಂದನೆಯ ವರ್ಷದಲ್ಲಿ. ಗಾಂಧಿ ಒಪ್ಪಲಿಲ್ಲ, ಉಳಿಸಿಕೊಂಡರು. ಅಲ್ಲಿಗೂ ಅದು ನಾಲ್ಕು ಗೋಡೆಯ ನಡುವಿನ ಮಾತಾಗಿ ಉಳಿಯಲಿಲ್ಲ. ಮಹಾದೇವ ಇಡೀ ಪ್ರಸಂಗವನ್ನು 'ಹರಿಜನ'ದಲ್ಲೇ ಬರೆದರು, ಅಂದರೆ ಗಾಂಧಿಯ ಪತ್ರಿಕೆಯಲ್ಲಿ, ಗಾಂಧಿ ಓದುವಂತೆ, ದೇಶ ಓದುವಂತೆ. ಭೂಮಿಯ ಮೇಲೆ ಸಂತನ ಜೊತೆ ಸಂಸಾರ ಮಾಡುವುದು ಎಂಥ ಪಾಡು ಎಂದು ಹಾಸ್ಯ ಮಾಡುವ ಇಂಗ್ಲಿಷ್ ಪದ್ಯವೊಂದನ್ನೂ ಅದರಲ್ಲಿ ಸೇರಿಸಿದರು. ತನ್ನ ತಪ್ಪೆಷ್ಟು ಎಂಬುದನ್ನೂ ಮುಚ್ಚಿಡಲಿಲ್ಲ. ಇವತ್ತು ಯಾವುದೇ ಪಕ್ಷದ ಮುಖವಾಣಿಯಲ್ಲಿ ಅದರ ನಾಯಕನ ಆಪ್ತ ಕಾರ್ಯದರ್ಶಿ, ನಮ್ಮ ಸಾಹೇಬರು ಮೊನ್ನೆ ನನ್ನ ಮೇಲೆ ಅತಿಯಾಗಿ ಹಾರಾಡಿದರು, ನಾನು ರಾಜೀನಾಮೆ ಕೊಟ್ಟೆ, ಇವರ ಜೊತೆ ಬಾಳುವುದು ಕಷ್ಟವಪ್ಪಾ ಎಂದು ಬರೆದು, ಮಾರನೆಯ ದಿನ ಅದೇ ಕುರ್ಚಿಯಲ್ಲಿ ಬಂದು ಕೂರುವುದನ್ನು ಊಹಿಸಿ ನೋಡಿ.

ಹನುಮಂತನ ಹೋಲಿಕೆಯೂ ಇಲ್ಲೇ ಇತ್ಯರ್ಥವಾಗಲಿ. ವಾಲ್ಮೀಕಿಯ ಹನುಮಂತ ಕೈಮುಗಿದು ಕೂತ ಕ್ಯಾಲೆಂಡರಿನ ಚಿತ್ರವಲ್ಲ. ಅವನು ಸುಗ್ರೀವನ ಸಚಿವ. ಮೊದಲ ಭೇಟಿಯಲ್ಲಿ ರಾಮ ಬೆರಗಾಗುವುದು ಅವನ ಭುಜಬಲಕ್ಕಲ್ಲ, ವ್ಯಾಕರಣ ಬಲ್ಲ ಅವನ ಮಾತಿಗೆ. ಮಳೆಗಾಲ ಕಳೆದರೂ ಸುಗ್ರೀವ ಅಂತಃಪುರದಲ್ಲೇ ಮೈಮರೆತಿದ್ದಾಗ, ಕೊಟ್ಟ ಮಾತು ನೆನಪಿದೆಯೇ ಎಂದು ಒಡೆಯನನ್ನು ಎಚ್ಚರಿಸಿದವನೂ ಅವನೇ. ಮಹಾದೇವರನ್ನು ಹನುಮಂತ ಎನ್ನುವುದಾದರೆ ಆ ಹನುಮಂತ ಎನ್ನಿ, ನನ್ನ ತಕರಾರಿಲ್ಲ.

ಅವರ ಸಾವಿನ ಸುತ್ತ ನಾವು ಕಟ್ಟಿರುವ ಕಥೆಯ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. 1936ರಿಂದ ಗಾಂಧಿ ಸೇವಾಗ್ರಾಮದಲ್ಲಿ ನೆಲೆಸಿದರೆ, ಮಹಾದೇವರ ಮನೆ ವಾರ್ಧಾದ ಮಗನವಾಡಿಯಲ್ಲಿತ್ತು. ನಡುವೆ ಐದೂವರೆ ಮೈಲಿ. ವಿದರ್ಭದ ಬಿಸಿಲಿನಲ್ಲಿ, ಕಾಗದಪತ್ರ ಹೊತ್ತು, ದಿನಕ್ಕೆ ಹನ್ನೊಂದು ಮೈಲಿ ನಡಿಗೆ. 1938ರಲ್ಲಿ ಮೈ ಕೈಕೊಟ್ಟಿತು. ಗಾಂಧಿ ವಿಶ್ರಾಂತಿಗೆ ಕಳಿಸಿದರು ಎಂಬುದೂ ನಿಜ, ಇವರು ಹೆಚ್ಚು ದಿನ ಸುಮ್ಮನೆ ಕೂರಲಿಲ್ಲ ಎಂಬುದೂ ನಿಜ. 1942ರ ಆಗಸ್ಟ್ 9ರಂದು ಗಾಂಧಿಯ ಜೊತೆಗೇ ಬಂಧನ, ಪುಣೆಯ ಆಗಾ ಖಾನ್ ಅರಮನೆ. ಬಾಪೂ ಉಪವಾಸಕ್ಕೆ ಕೂತು ಪ್ರಾಣ ಬಿಟ್ಟರೆ ಎಂಬ ಚಿಂತೆ ಅವರನ್ನು ಕೊರೆಯುತ್ತಿತ್ತು. ಆರು ದಿನಗಳ ನಂತರ, ಆಗಸ್ಟ್ 15ರ ಬೆಳಿಗ್ಗೆ, ಹೃದಯ ನಿಂತಿತು. ವಯಸ್ಸು ಐವತ್ತು. ಮಹಾದೇವ, ಮಹಾದೇವ ಎಂದು ಗಾಂಧಿ ಕರೆದರು. ಒಮ್ಮೆ ಕಣ್ಣು ಬಿಟ್ಟು ನನ್ನನ್ನು ನೋಡಿದ್ದರೆ ಎದ್ದುಬಿಡುತ್ತಿದ್ದ ಎಂದು ಆಮೇಲೆ ಅಂದರಂತೆ. ತಾವೇ ಆ ದೇಹಕ್ಕೆ ಸ್ನಾನ ಮಾಡಿಸಿದರು.

ಇದನ್ನು ನಮ್ಮವರು, ಒಡೆಯನ ಸನ್ನಿಧಿಯಲ್ಲೇ ಪ್ರಾಣ ಬಿಟ್ಟ ಪುಣ್ಯವಂತ ಎಂದು ಹೇಳುತ್ತಾರೆ. ಕನ್ನಡ ನಾಡಿಗೆ ಈ ರುಚಿ ಹಳೆಯದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಆವರಣದಲ್ಲಿ ಒಂದು ಗರುಡಗಂಬವಿದೆ. ಸುಮಾರು 1220ರಲ್ಲಿ ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ಅವನ ಆಪ್ತ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿಯೊಡನೆ, ತನ್ನ ಪಡೆಯೊಡನೆ ಜೀವ ತೆತ್ತದ್ದರ ನೆನಪಿಗೆ ನಿಂತ ಕಂಬ ಅದು. ಕತ್ತಿ ಹಿಡಿದು ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ಬಂಟರು ಕಲ್ಲಿನಲ್ಲಿದ್ದಾರೆ. ಆ ಕಾಲಕ್ಕೆ ಅದು ಧರ್ಮವಾಗಿತ್ತೇನೋ. ಮಹಾದೇವರಿಗೆ ನಾವು ಕೆತ್ತುತ್ತಿರುವುದು ಅದೇ ಗರುಡಗಂಬ. ಐವತ್ತಕ್ಕೆ ಸತ್ತವನ ದುಡಿತ, ನಿದ್ದೆಗೇಡು, ಮನೆಯಲ್ಲಿ ಕಾಯುತ್ತಿದ್ದ ದುರ್ಗಾಬೆನ್ ಯಾವುದೂ ಅದರಲ್ಲಿ ಕಾಣುವುದಿಲ್ಲ. ಅವರ ಮಗ ನಾರಾಯಣ ದೇಸಾಯಿ ಬರೆದ ಜೀವನಚರಿತ್ರೆಯ ಗುಜರಾತಿ ಹೆಸರಿಗೆ, ಅಗ್ನಿಕುಂಡದಲ್ಲಿ ಅರಳಿದ ಗುಲಾಬಿ ಎಂದು ಅರ್ಥ. ನಾವು ಗುಲಾಬಿಯನ್ನು ಉಳಿಸಿಕೊಂಡು ಬೆಂಕಿಯನ್ನು ಮರೆತೆವು. ಆ ಬೆಂಕಿಯಲ್ಲಿ ಗಾಂಧಿಯ ಪಾಲೂ ಇತ್ತು ಎಂದು ಹೇಳಲು ಗಾಂಧಿಭಕ್ತರು ಹೆದರಬೇಕಿಲ್ಲ. ಹೇಳಿದರೆ ಗಾಂಧಿ ಬೇಸರಪಡುವವರಲ್ಲ.

ನೆರಳಿನ ಪಕ್ಷದವರ ಕೊನೆಯ ಅಸ್ತ್ರ ಎಂ.ಓ. ಮಥಾಯ್. 1946ರಲ್ಲಿ ನೆಹರೂ ಬಳಿ ಸೇರಿ, ಅಧಿಕಾರ ದುರುಪಯೋಗದ ಆರೋಪ ಎದ್ದಾಗ 1959ರಲ್ಲಿ ರಾಜೀನಾಮೆ ಕೊಟ್ಟು ಹೋದ ವಿಶೇಷ ಸಹಾಯಕ. 1978ರಲ್ಲೂ 1979ರಲ್ಲೂ ಎರಡು ಪುಸ್ತಕ ಬರೆದು ಒಡೆಯನ ಮನೆಯ ಒಳಗಿನದ್ದನ್ನೆಲ್ಲ ಬೀದಿಗೆ ತಂದ. ನೋಡಿ, ಕಾರ್ಯದರ್ಶಿ ಬಾಯಿ ಬಿಟ್ಟರೆ ಹೀಗಾಗುತ್ತದೆ, ಮಹಾದೇವರಂತೆ ಮೌನವಾಗಿರಬೇಕು ಎಂಬುದು ವಾದ. ಎಂಥ ಮೌನ! ಮಥಾಯ್ ಬರೆದದ್ದು ಎರಡು ಪುಸ್ತಕ. ಮಹಾದೇವರ ದಿನಚರಿಯೇ ಇಪ್ಪತ್ತಕ್ಕೂ ಹೆಚ್ಚು ಸಂಪುಟ. ಯರವಡಾ ಜೈಲಿನಲ್ಲಿ 1932ರಲ್ಲಿ ಗಾಂಧಿ, ವಲ್ಲಭಭಾಯಿ ಪಟೇಲ್, ಮಹಾದೇವ ಒಟ್ಟಿಗಿದ್ದಾಗ ಪಟೇಲರು ಹಳೆಯ ಕಾಗದದಲ್ಲಿ ಲಕೋಟೆ ಮಾಡಿದ್ದು, ಆ ವಯಸ್ಸಿನಲ್ಲಿ ಸಂಸ್ಕೃತ ಕಲಿಯಲು ಕೂತದ್ದು, ಗಾಂಧಿಯ ಕಾಲೆಳೆದದ್ದು ಎಲ್ಲ ನಮಗೆ ಸಿಗುವುದು ಈ ಮೌನಿಯ ಪುಟಗಳಲ್ಲಿ. ಒಳಮನೆಯ ವಿಷಯವನ್ನು ಮಹಾದೇವರೂ ಬರೆದರು, ಮಥಾಯ್‌ಗಿಂತ ಹೆಚ್ಚು ಬರೆದರು. ಅವರು ಪುರಿಯ ಜಗಳವನ್ನು ಬರೆದು ಪ್ರಕಟಿಸಿದಾಗ ಗಾಂಧಿ ಎದುರಿಗಿದ್ದರು, ತಪ್ಪಿದ್ದರೆ ತಿದ್ದಬಹುದಿತ್ತು, ಬೈಯಬಹುದಿತ್ತು. ಮಥಾಯ್ ಬಾಯಿ ಬಿಟ್ಟಾಗ ನೆಹರೂ ಸತ್ತು ಹದಿನಾಲ್ಕು ವರ್ಷವಾಗಿತ್ತು. ನನ್ನ ಲೆಕ್ಕದಲ್ಲಿ ನಿಷ್ಠೆ, ದ್ರೋಹಗಳ ಗೆರೆ ಹಾದುಹೋಗುವುದು ಇಲ್ಲಿ: ಎದುರಿಗೆ ಹೇಳಿದೆಯೋ, ಬೆನ್ನ ಹಿಂದೆ ಹೇಳಿದೆಯೋ. ಹದಿಮೂರು ವರ್ಷ ತುಟಿ ಬಿಗಿದುಕೊಂಡು ಕೂತವನ ಹೊಟ್ಟೆಯಲ್ಲೇ ಆಮೇಲೆ ವಿಷ ಹುಟ್ಟುವುದು.

ಎದುರಿಗೆ ಹೇಳುವವರನ್ನು ಕಳೆದುಕೊಂಡ ನಾಯಕರ ಕಥೆಯೂ ನಮ್ಮ ದೇಶದಲ್ಲಿದೆ. ಇಂದಿರಾ ಗಾಂಧಿಯವರ ಕಾರ್ಯದರ್ಶಿಯಾಗಿದ್ದ ಪಿ.ಎನ್. ಹಕ್ಸರ್ ಸಂಜಯ ಗಾಂಧಿಯ ಮಾರುತಿ ಕಾರಿನ ಯೋಜನೆ ಬೇಡವೆಂದರು. 1973ರ ಹೊತ್ತಿಗೆ ಆ ಕೋಣೆಯಿಂದ ಹೊರಗಿದ್ದರು. ಎರಡು ವರ್ಷದ ನಂತರ ತುರ್ತು ಪರಿಸ್ಥಿತಿ ಬಂದಾಗ ಪ್ರಧಾನಿಯ ಮನೆಯಲ್ಲಿ ಫೋನು ಎತ್ತಿ ಆದೇಶ ದಾಟಿಸುವವರಿಗೆ ಕೊರತೆಯಿರಲಿಲ್ಲ. ಬೇಡ ಎನ್ನುವವರು ಇರಲಿಲ್ಲ.

ನಮ್ಮ ಶಾಸಕರ, ಮಂತ್ರಿಗಳ ಪಿ.ಎ.ಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಎರಡು ಫೋನು, ಕಂಕುಳಲ್ಲಿ ಲೆಟರ್‌ಹೆಡ್ಡಿನ ಫೈಲು, ಸಾಹೇಬರು ಮೀಟಿಂಗಲ್ಲಿದ್ದಾರೆ ಎಂಬ ಸಿದ್ಧ ಉತ್ತರ. ಬೆಳಿಗ್ಗೆ ಆರಕ್ಕೆ ಶುರುವಾಗಿ ರಾತ್ರಿ ಹನ್ನೊಂದಕ್ಕೂ ಮುಗಿಯದ ದಿನ. ಬೈಗುಳದ ಮೊದಲ ಪಾಲು ಅವರಿಗೆ, ಕೆಲಸವಾದ ಮೇಲೆ ನಮಸ್ಕಾರ ಸಾಹೇಬರಿಗೆ. ಇವರಲ್ಲಿ ಬುದ್ಧಿವಂತರಿದ್ದಾರೆ, ಕ್ಷೇತ್ರದ ಪ್ರತಿ ಕೆರೆಯ ಹೂಳೂ ಗೊತ್ತಿರುವವರಿದ್ದಾರೆ, ಸಾಹೇಬರ ಭಾಷಣದ ಒಳ್ಳೆಯ ಸಾಲೆಲ್ಲ ಬರೆದವರಿದ್ದಾರೆ. ಅವರ ಅಭಿಪ್ರಾಯ ಕೇಳುವ ಪದ್ಧತಿ ಮಾತ್ರ ಇಲ್ಲ. ಕೇಳದೆ ಹೇಳಿದರೆ, ನಿನ್ನ ಕೆಲಸ ನೋಡಯ್ಯ ಎಂಬ ಮಾತು. ಪಾಪ, ಆದರ್ಶ ಎಂದು ಅವರೆದುರು ಇಟ್ಟಿರುವುದೂ ಒಂದು ನೆರಳನ್ನೇ.

ಆ ಅಕ್ಟೋಬರ್ ಸಭೆ ಮುಗಿದ ಮೇಲೆ ನಡೆದದ್ದನ್ನು ಹೇಳಿಲ್ಲ. ಅತಿಥಿಗಳು ಕಾರಿನ ಕಡೆ ನಡೆದರು. ಅವರ ಪಿ.ಎ. ಹಿಂದಿನಿಂದ ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಎದೆಗವುಚಿಕೊಂಡು ಹೊರಟಿದ್ದ, ಮೂವತ್ತರ ಆಸುಪಾಸಿನ ಹುಡುಗ. ಭಾಷಣದ ಚೀಟಿ ಬುಟ್ಟಿಯ ಮೇಲಿತ್ತು. ಬರೆದದ್ದು ನೀವೇನಾ ಎಂದು ಕೇಳಿದೆ. ಹೌದು ಸಾರ್ ಎಂದ. ಮಹಾದೇವ ದೇಸಾಯಿ ಬಗ್ಗೆ ಆ ಮಾತು ಸರಿಯಲ್ಲ ಕಣ್ರೀ ಎಂದೆ. ಅವನು ಗದ್ದದಿಂದ ಚೀಟಿಯ ಕಡೆ ತೋರಿಸಿದ. ನೀಲಿ ಅಕ್ಷರದಲ್ಲಿ ಎರಡು ಸಾಲು: ಲೇಖಕ, ಸಂಪಾದಕ, ಅನುವಾದಕ, ದಿನಚರಿ ಇಷ್ಟು ಸಂಪುಟ. ಅದರ ಮೇಲೆ ದಪ್ಪ ಕೆಂಪು ಗೀಟು. ಪಕ್ಕದಲ್ಲಿ ಬೇರೆ ಕೈಬರಹದಲ್ಲಿ, 'ನೆರಳು'.

"ಇಷ್ಟೆಲ್ಲ ಯಾರ್ ಕೇಳ್ತಾರೆ, ನೆರಳು ಅಂತ ಹಾಕು ಸಾಕು ಅಂದ್ರು ಸಾರ್," ಎಂದು ಹೇಳಿ, ಕಾರಿನ ಹಾರನ್ ಕೇಳಿದ್ದೇ, ಪೇಟ ಬೀಳದಂತೆ ಹಿಡಿದುಕೊಂಡು ಓಡಿದ.